ಓದದೆ ಒಪ್ಪಿದ ಬಾಗಿಲು

ಊರಿನ ಸಭೆಯಲ್ಲಿ ಸದಸ್ಯರು ಆಡಿದ್ದನ್ನು ಮರ್ಯಾದಸ್ಥರ ಭಾಷೆಗೆ ತಿರುಗಿಸಿ ನಡಾವಳಿ ಪುಸ್ತಕದಲ್ಲಿ ಬರೆಯುವುದೇ ಆಕೆಯ ಇಪ್ಪತ್ತೆಂಟು ವರ್ಷಗಳ ಕಸುಬು. ಹಾಗಾಗಿ ಕಚೇರಿಗೆಲ್ಲ ಆಕೆ ನಡಾವಳಿಯಮ್ಮ. ಇಬ್ಬರು ಮೇಜು ಗುದ್ದಿ ಬಾಯಿಗೆ ಬಂದಂತೆ ಬೈದಾಡಿದರೆ 'ವಿಚಾರ ವಿನಿಮಯ ನಡೆಯಿತು' ಎಂದು ಬರೆಯುತ್ತಿದ್ದಳು. ಕೂತಲ್ಲೇ ಗೊರಕೆ ಹೊಡೆದವರು 'ಸರ್ವಾನುಮತ'ದೊಳಗೆ ಸೇರಿಹೋಗುತ್ತಿದ್ದರು. ತೀರ್ಮಾನವೇ ಆಗದಿದ್ದರೆ 'ಕೂಲಂಕಷವಾಗಿ ಚರ್ಚಿಸಿ ಮುಂದೂಡಲಾಯಿತು'. ಮುತ್ತಿನಂಥ ಅಕ್ಷರ ಎಂದು ಬಂದ ಅಧ್ಯಕ್ಷರೆಲ್ಲ ಹೊಗಳಿದ್ದರು. ಓದಿದವರು ಮಾತ್ರ ಒಬ್ಬರೂ ಇರಲಿಲ್ಲ.

ಮುಂದೂಡಿಸಿಕೊಂಡವುಗಳಲ್ಲಿ ಎಲ್ಲಕ್ಕಿಂತ ಹಿರಿಯದು, ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು. ಅದು ಮುರಿದು ಬಿದ್ದದ್ದು ಯಾವಾಗ ಎಂಬುದು ಹಳೆಯ ಪುಸ್ತಕಗಳಿಗೇ ಗೊತ್ತು. ಅಲ್ಲೊಂದು ಹರಕು ಗೋಣಿ ನೇತಾಡುತ್ತಿತ್ತು. ಮರದ್ದೋ ತಗಡಿನದೋ, ಒಳಕ್ಕೆ ತೆರೆಯಬೇಕೋ ಹೊರಕ್ಕೋ ಎಂಬುದರಲ್ಲೇ ಮಹನೀಯರ ಆಯುಷ್ಯ ಕಳೆಯುತ್ತಿತ್ತು. ಈ ವರ್ಷ ನಡಾವಳಿಯಮ್ಮನ ಮೊಮ್ಮಗಳು ಆ ಶಾಲೆಗೆ ಸೇರಿದಳು. ತಿಂಗಳೊಳಗೆ ಮಗುವಿಗೆ ಹೊಟ್ಟೆನೋವು, ಉರಿಮೂತ್ರ, ಜ್ವರ.

"ಸಂಜೆ ತನಕ ತಡ್ಕೊಂಡ್ರೆ ಇನ್ನೇನಾಗತ್ತೆ? ಹೀಗೇ ಆದ್ರೆ ಕಿಡ್ನಿಗೇ ಬರತ್ತಮ್ಮ" ಎಂದರು ಡಾಕ್ಟರು.

ಆ ತಿಂಗಳ ಸಭೆಯಲ್ಲಿ ಬಾಗಿಲು ಮತ್ತೆ ಬಂತು. ಬಿಳಿಯೋ ಹಸಿರೋ ಎಂದು ಕಿತ್ತಾಡಿ, ಚಹಾ ಕುಡಿದು ಎಲ್ಲರೂ ಎದ್ದರು. ನಡಾವಳಿಯಮ್ಮನ ಮೈ ಉರಿಯಿತು. ಆದರೆ ಬರೆಯುವವರು ಸಭೆಯಲ್ಲಿ ತುಟಿ ಬಿಚ್ಚುವ ಹಾಗಿಲ್ಲ. ಮರುದಿನ ಪುಸ್ತಕ ತೆರೆದು ಜೀವಮಾನದ ಮೊದಲ ಸುಳ್ಳು ಬರೆದಳು, ಅಲ್ಲಿಯವರೆಗೆ ಬರೆದದ್ದನ್ನೆಲ್ಲ ನಿಜವೆಂದುಕೊಂಡರೆ: 'ಹಸಿರು ಬಾಗಿಲನ್ನು ಕೂಡಲೇ ಹಾಕಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.'

ಪ್ರತಿ ಸಭೆಯ ಮೊದಲ ಕೆಲಸ ಹಿಂದಿನ ನಡಾವಳಿಯನ್ನು ಓದಿ ಒಪ್ಪುವುದು. ಮುಂದಿನ ತಿಂಗಳ ಸಭೆಗೆ ಆಕೆ ಎಲ್ಲರಿಗಿಂತ ಮೊದಲೇ ಬಂದು ಪುಸ್ತಕ ಹಿಡಿದು ಕೂತಳು. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

"ಓದ್ಲಾ ಸಾರ್?"

"ಓದಿದ ಹಾಗೇ ಅಂದ್ಕೊಳ್ಳೋಣ ಬಿಡಮ್ಮ" ಎಂದ ಅಧ್ಯಕ್ಷರು ಮೊಬೈಲಿನಿಂದ ಕಣ್ಣು ತೆಗೆಯದೆ ಸಹಿ ಗೀಚಿದರು.

ವಾರದೊಳಗೆ ಬಡಗಿ ಬಂದು ಬಾಗಿಲು ನಿಲ್ಲಿಸಿ ಚಿಲಕ ಹಾಕಿದ. ಹಸಿರಿನ ಕಡೆಯವರು ಗೆದ್ದೆವೆಂದು ಬೀಗಿದರು, ಬಿಳಿಯ ಕಡೆಯವರು ಮುಖ ಊದಿಸಿಕೊಂಡರು. ತೀರ್ಮಾನವಾದದ್ದು ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಸಭೆಯಲ್ಲಿ ನಡೆದದ್ದು ತಮಗೆ ನೆನಪಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ?

ನಡಾವಳಿಯಮ್ಮ ಮಗಳ ಮನೆಗೆ ಹೋಗಿ ಎಲ್ಲವನ್ನೂ ಪಿಸುಗುಟ್ಟಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗಳು ನಗಲಿಲ್ಲ.

"ನಾನು ಅಲ್ಲಿ ಓದೋವಾಗ್ಲೂ ಬಾಗಿಲಿರ್ಲಿಲ್ಲ. ಏಳು ವರ್ಷ, ಅಮ್ಮ. ಆಗ್ಲೂ ಒಂದು ಸಾಲು ಬರೆದಿದ್ರೆ ಸಾಕಾಗ್ತಿತ್ತಾ?"

ಆಗಿನ ಕಾಲವೇ ಬೇರೆ, ನಿಯಮ ಬಿಗಿಯಿತ್ತು ಎನ್ನಲು ನಡಾವಳಿಯಮ್ಮ ಬಾಯಿ ತೆರೆದಳು. ನಾಚಿಕೆಯಾಯಿತು.

"ಹೂಂ ಕಣೇ, ಸಾಕಾಗ್ತಿತ್ತು" ಎಂದಳು.