ಶನಿವಾರ ರಾತ್ರಿಯ ಮಾತ್ರೆ

ಮಲ್ಲೇಶ್ವರದಿಂದ ಬಸವನಗುಡಿಗೆ ಹೋಗುವ ಬಸ್ಸಿನಲ್ಲಿ ಇವತ್ತು ನನ್ನ ಪೇಷಂಟ್ ಲಲಿತಮ್ಮ ಮುಂದಿನ ಸೀಟಿನಲ್ಲೇ ಸಿಕ್ಕರು. ವಾರವೆಲ್ಲ ಸರಿಯಾಗಿರುವ ಅವರ ಬಿ.ಪಿ. ಭಾನುವಾರ ಬೆಳಿಗ್ಗೆ ಮಾತ್ರ ಏಕೆ ಏರುತ್ತದೋ ನನಗೆ ತಲೆಬುಡ ತಿಳಿದಿರಲಿಲ್ಲ. ಡೋಸ್ ಹೆಚ್ಚಿಸುವವನಿದ್ದೆ.

"ರಾತ್ರಿ ಮಾತ್ರೆ ತಪ್ಪಿಸ್ತಿಲ್ಲ ತಾನೆ?"

"ಛೇ, ಊಟ ಆದ್ಮೇಲೆ ತಗೊಳ್ಳಿ ಅಂದಿದ್ರಲ್ಲ, ಹಾಗೇ ತಗೋತೀನಿ. ಶನಿವಾರ ರಾತ್ರಿ ಊಟ ಇಲ್ವಲ್ಲ, ಅವತ್ತೊಂದಿನ ಇಲ್ಲ."

"ಉಪವಾಸಾನಾ?"

"ಒಪ್ಪತ್ತು ಡಾಕ್ಟ್ರೇ. ರಾತ್ರಿ ಬರೀ ಫಲಾಹಾರ. ಎರಡು ತಟ್ಟೆ ಉಪ್ಪಿಟ್ಟು, ಒಂದು ಬಾಳೆಹಣ್ಣು, ಅಷ್ಟೇ."

ಗದರೋಣವೆಂದರೆ ನಮ್ಮ ಮನೆಯಲ್ಲೂ ಶನಿವಾರ ಒಪ್ಪತ್ತೇ. ಉಪ್ಪಿಟ್ಟನ್ನು ನಾನೂ ಎಂದೂ ಊಟವೆಂದು ಕರೆದವನಲ್ಲ.

"ಊಟದ ಮಾತು ಬಿಡಿ. ರಾತ್ರಿ ಏನು ತಿಂದ್ರೂ ಸರಿ, ತಿಂದ್ಮೇಲೆ ತಗೊಳ್ಳಿ. ಇವತ್ತೂ ಶನಿವಾರ, ಇವತ್ತಿಂದ್ಲೇ ಶುರು ಮಾಡಿ."

ತಲೆಯಾಡಿಸಿದರು. ಎನ್.ಆರ್. ಕಾಲೋನಿ ಬಂತು. ಇಳಿದವರು ನನ್ನ ಕಿಟಕಿಯ ಕೆಳಗೆ ಬಂದು ನಿಂತರು.

"ಡಾಕ್ಟ್ರೇ, ಏಕಾದಶಿಗೆ ಏನೂ ತಿನ್ನಲ್ವಲ್ಲ, ಅವತ್ತು?"

ಬಸ್ಸು ಹೊರಟಿತು. ಅವರು ಮರೆಯದಿರಲೆಂದಷ್ಟೇ ನಾನು ಊಟದ ಹೆಸರು ಹೇಳಿದ್ದು. ಆ ಮಾತ್ರೆಗೆ ಊಟವೇ ಬೇಕಿಲ್ಲ. ಇದನ್ನು ಯಾವ ಮಾತಿನಲ್ಲಿ ಹೇಳಿದರೆ ಸರಿಹೋದೀತೋ ಹೊಳೆಯದೆ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯಲು ಎದ್ದು ನಿಂತಿದ್ದೇನೆ.