ಕೊಸರಿಗೆ ಬಂದ ಟಿಕೆಟ್ಟು

ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡು, ಯಾವ ವಿಮಾನ ಕಂಪನಿಯ ಸದಸ್ಯನಾಗಬೇಕು ಎಂದು ತಲೆ ಕೆಡಿಸಿಕೊಂಡವನು ಬಹುಶಃ ನಾನೊಬ್ಬನೇ. ನಮ್ಮ ಓಣಿಯ ಮೇಲೆ ವಿಮಾನದ ಸದ್ದಾದರೆ ಈಗಲೂ ಮಕ್ಕಳಷ್ಟೇ ಅಲ್ಲ, ಹಲ್ಲುಜ್ಜುತ್ತ ನಿಂತ ಹಿರಿಯರೂ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ತಲೆಯೆತ್ತುತ್ತಾರೆ. ನಾನು ಮಾತ್ರ ನೋಡುವುದಿಲ್ಲ. ಜಂಬ ಎಂದು ಕೆಲವರು ತಿಳಿದಿದ್ದಾರೆ. ಜಂಬವಲ್ಲ, ಸುಸ್ತು.

ನನ್ನ ಕೆಲಸ ಅಕ್ಕಿ ಗಿರಣಿಯದು. ಒಳ್ಳೆಯ ಅಕ್ಕಿಯ ನಡುವಿನ ಕಪ್ಪು ಕಾಳನ್ನು ಕ್ಯಾಮೆರಾ ಕಣ್ಣಿನಿಂದ ಗುರುತಿಸಿ, ಗಾಳಿ ಊದಿ ಆಚೆ ಎಸೆಯುವ ಒಂದು ಯಂತ್ರವಿದೆ. ಅದನ್ನು ಕೂರಿಸುವವನೂ ನಾನೇ, ಕೆಟ್ಟಾಗ ಕೂಗಿಸಿಕೊಳ್ಳುವವನೂ ನಾನೇ. ನಮ್ಮ ತುಂಗಭದ್ರೆಯ ದಂಡೆಯ ಗಿರಣಿಗಳಲ್ಲಿ ಅದು ಸಭ್ಯವಾಗಿ ನಡೆದುಕೊಳ್ಳುತ್ತದೆ. ಕೆಡುವುದೆಲ್ಲ ದೂರದ ರಾಯಪುರದ ಗಿರಣಿಗಳಲ್ಲಿ. ಹಾಗಾಗಿ ಬೆಳಗಿನ ಜಾವ ನ್ಯಾಮತಿ ದಾಟಿ ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಹೋಗು, ಅಲ್ಲಿಂದ ಹೈದರಾಬಾದಿಗೆ ಹಾರು, ಹೈದರಾಬಾದಿನಲ್ಲಿ ಕಾದು ಕೂತು ರಾಯಪುರದ ವಿಮಾನ ಹತ್ತು. ಇದು ನನ್ನ ದಿನಚರಿ.

ಹೀಗೆ ಓಡಾಡುವವರಿಗೆ ವಿಮಾನ ಕಂಪನಿಗಳು ಪಾಯಿಂಟು ಕೊಡುತ್ತವೆ. ಸಾಕಷ್ಟು ಸೇರಿದರೆ ಒಂದು ಟಿಕೆಟ್ಟು ಪುಕ್ಕಟೆ. ಜಗತ್ತಿಗೆ ಇದು ಹೊಸ ವಿದ್ಯೆಯಂತೆ ಕಾಣಬಹುದು. ನಮಗೆ ಇದು ಸಂತೆಯ ಕೊಸರು. ಬದನೆಕಾಯಿ ತೂಗಿ ಕೊಟ್ಟ ಮೇಲೆ ಮಾರುವವಳು ಮೇಲೊಂದಿಷ್ಟು ಹಸಿಮೆಣಸಿನಕಾಯಿ ಹಾಕುತ್ತಾಳಲ್ಲ, ಅದು. ಕನ್ನಡದಲ್ಲಿ ಕೊಸರು ಎಂಬ ಹೆಸರಿನ ಪಕ್ಕದಲ್ಲೇ ಕೊಸರಾಡು ಎಂಬ ಕ್ರಿಯಾಪದವೂ ಕೂತಿದೆ. ಎರಡಕ್ಕೂ ನಂಟಿದೆಯೋ ಇಲ್ಲವೋ ಪಂಡಿತರು ಹೇಳಬೇಕು, ಸಂತೆಯಲ್ಲಂತೂ ಇದೆ. ವ್ಯತ್ಯಾಸ ಇಷ್ಟೇ: ಸಂತೆಯವಳು ಕೊಸರನ್ನು ಆಗಲೇ ಚೀಲಕ್ಕೆ ಹಾಕುತ್ತಾಳೆ, ವಿಮಾನದವರು ಮುಂದೆಂದೋ ಕೊಡುತ್ತೇವೆ ಎನ್ನುತ್ತಾರೆ.

ಯಾರ ಕೊಸರು ಒಳ್ಳೆಯದು ಎಂದು ನಾನು ಮೊದಲು ಕೇಳಿದ್ದು ಚನ್ನಗಿರಿಯ ಮಂಜಣ್ಣನನ್ನು. ಆತ ಬೀಜದ ಕಂಪನಿಯೊಂದರಲ್ಲಿ ಮಾರಾಟದ ಅಧಿಕಾರಿ, ನನ್ನ ಹಾಗೆಯೇ ಅರ್ಧ ತಿಂಗಳು ಆಕಾಶದಲ್ಲಿರುವವನು.

“ದೊಡ್ಡ ಕಂಪನಿ ಹಿಡೀರಿ ಸಿದ್ದೇಶಣ್ಣ,” ಎಂದ. “ಕಾಯಾಕೆ ಲಾಂಜ್ ಐತೆ, ಮೆತ್ತನೆ ಕುರ್ಚಿ, ಊಟ. ಪಾಯಿಂಟ್ ಕೂಡಿದ್ರೆ ಸಿಂಗಪುರ ನೋಡ್ಕಂಡು ಬರಬಹುದು.”

ಸಿಂಗಪುರ ಎಂದ ಕೂಡಲೇ ನನ್ನ ವಿವೇಚನೆ ರಜೆ ಹಾಕಿತು. ದೊಡ್ಡ ಕಂಪನಿಗೇ ಸೇರಿದೆ. ಅದಕ್ಕೆ ರಾಯಪುರದಿಂದ ಹೈದರಾಬಾದಿಗೆ ದಿನಕ್ಕೆ ಒಂದೇ ವಿಮಾನ ಎಂಬುದು ಗೊತ್ತಿತ್ತು. ಒಂದು ಸಾಲದೆ ಅಂದುಕೊಂಡೆ. ಮನುಷ್ಯ ಒಂದು ದಿನಕ್ಕೆ ಒಂದೇ ಸಲ ತಾನೆ ಮನೆಗೆ ಬರುವುದು?

ಸಾಲದು ಎಂದು ತಿಳಿದದ್ದು ಅಕ್ಕನ ಮಗಳು ರೂಪಾಳ ನಿಶ್ಚಿತಾರ್ಥದ ದಿನ. ನನ್ನ ಅಕ್ಕ ಕೊಟ್ರಮ್ಮ ಜಗಳೂರಿನಲ್ಲಿ ಸಣ್ಣದೊಂದು ರೊಟ್ಟಿ ಅಂಗಡಿ ನಡೆಸುತ್ತಾಳೆ. ಭಾವ ತೀರಿಕೊಂಡಿದ್ದರು. ಬೀಗರ ಎದುರು ಚಾಪೆಯ ಮೇಲೆ ಹೆಣ್ಣಿನ ಕಡೆಯ ಹಿರಿಯನಾಗಿ ಕೂರಬೇಕಾದವನು ಸೋದರಮಾವ, ಅಂದರೆ ನಾನು. ರಾಯಪುರದ ಕೆಲಸ ಮುಗಿಸಿ ಹಿಂದಿನ ದಿನವೇ ಹೊರಟೆ. ರಾಯಪುರದಲ್ಲಿ ವಿಮಾನಕ್ಕೆ ಏನೋ ತೊಂದರೆಯಾಗಿ ಹಾರಲೇ ಇಲ್ಲ. ಬೇರೆ ಕಂಪನಿಯ ವಿಮಾನಗಳು ಕಣ್ಣೆದುರೇ ಹೋದವು, ಒಂದರಲ್ಲೂ ಸೀಟಿಲ್ಲ. ಮರುದಿನ ಜಗಳೂರಿನಲ್ಲಿ ಶಾಸ್ತ್ರ ನಡೆಯುತ್ತಿದ್ದಾಗ ನಾನು ಹೈದರಾಬಾದಿನವರೆಗೆ ಮಾತ್ರ ಬಂದು, ಅಲ್ಲಿನ ಲಾಂಜಿನ ಮೆತ್ತನೆ ಕುರ್ಚಿಯಲ್ಲಿದ್ದೆ. ರೂಪಾಳಿಗೆ ಕೊಡಬೇಕಿದ್ದ ಸೀರೆ ನನ್ನ ತೊಡೆಯ ಮೇಲಿತ್ತು. ನನ್ನ ಜಾಗದಲ್ಲಿ ಪಕ್ಕದ ಮನೆಯವರೊಬ್ಬರನ್ನು ಕೂರಿಸಿದರಂತೆ.

ಮಾರನೆಯ ದಿನ ಸೀರೆ ಹಿಡಿದು ಹೋದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ತಲೆಯೆತ್ತಲಿಲ್ಲ.

“ಬಸ್ಸಿನಾಗೆ ಬರೋರೆಲ್ಲ ಬಂದ್ರು,” ಎಂದಳು. “ವಿಮಾನದಾಗೆ ಬರೋನಿಗೆ ಜಗಳೂರು ದೂರ ಆತು.”

“ಅಕ್ಕ, ವಿಮಾನನೇ ಹಾರಲಿಲ್ಲ.”

“ನಂಗೇನು ಗೊತ್ತೋ ಅದೆಲ್ಲ? ಬೀಗರು ಕೇಳಿದ್ರು, ತಮ್ಮ ಎಲ್ಲಿ ಅಂತ. ಮ್ಯಾಲೆ ಅದಾನೆ ಅಂದೆ. ಅವರು ತಪ್ಪು ತಿಳ್ಕಂಡು ಲೊಚಗುಟ್ಟಿದ್ರು.”

ನಗು ಬರುವ ಮಾತು. ಅವಳು ನಗಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ. ಆಮೇಲೆ ಅವಳು ಫೋನು ಎತ್ತುವುದನ್ನೇ ಬಿಟ್ಟಳು. ಯುಗಾದಿಗೆ ಮಾಡಿದರೂ ರೂಪಾಳೇ ಮಾತಾಡಿ, “ಅವ್ವ ಕೆಲಸದಾಗೆ ಅದಾಳೆ ಮಾವ,” ಎಂದಳು.

ನಾನು ದೊಡ್ಡ ಕಂಪನಿ ಬಿಟ್ಟೆ. ಈ ಸಲ ಆಯ್ಕೆಗೆ ಕುಳಿತಾಗ ಲಾಂಜನ್ನೂ ಸಿಂಗಪುರವನ್ನೂ ಪಕ್ಕಕ್ಕಿಟ್ಟೆ. ಒಂದೇ ಪ್ರಶ್ನೆ: ಒಂದು ವಿಮಾನ ಕೈಕೊಟ್ಟರೆ ಅದೇ ದಿನ ಮನೆ ಕಡೆಗೆ ಇನ್ನೊಂದು ಯಾರದ್ದಿದೆ? ಕುಡಿಯುವ ನೀರು ಬಿಟ್ಟು ಬೇರೇನನ್ನೂ ಪುಕ್ಕಟೆ ಕೊಡದ ಸಾದಾ ಕಂಪನಿಯೊಂದು ಗೆದ್ದಿತು. ಮಂಜಣ್ಣ ಕೇಳಿ ಮರುಗಿದ. “ಒಣ ಕಂಪನಿ ಹಿಡಿದ್ರಿ,” ಎಂದ.

ಒಣ ಕಂಪನಿಯಲ್ಲೂ ಪಾಯಿಂಟು ಕೂಡಿತು. ಬೇಗ ಬಳಸದಿದ್ದರೆ ಹೋಗುತ್ತದೆ ಎಂದು ಸಂದೇಶ ಬಂತು. ಲೆಕ್ಕ ಹಾಕಿದರೆ ನನ್ನ ಜೊತೆ ಇನ್ನೊಬ್ಬರು ರಾಯಪುರಕ್ಕೆ ಹೋಗಿ ಬರುವಷ್ಟಿತ್ತು. ನಮ್ಮ ಮನೆಯವಳಿಗೆ ಹೇಳಿದೆ. “ಅಲ್ಲೇನೈತ್ರೀ ನೋಡಾಕೆ, ಗಿರಣಿ ತಾನೆ?” ಎಂದಳು. ರೂಪಾಳಿಗೆ ಹೇಳಿದೆ. ಅವಳಿಗೆ ಪರೀಕ್ಷೆ. ಅಷ್ಟರಲ್ಲಿ ಫೋನಿನಲ್ಲಿ ಬಳೆ ಸದ್ದಾಯಿತು, ಅಕ್ಕನ ದನಿ ಬಂತು.

“ನಾನು ಬರ್ತೀನಿ.”

“ಅಕ್ಕ, ಅಲ್ಲಿ ಗುಡಿಗಿಡಿ ನೋಡಾಕೆ ಟೈಮ್ ಆಗಲ್ಲ.”

“ಗುಡಿ ನೋಡಾಕೆ ಅಲ್ಲೋ. ನೀನು ಎಲ್ಲಿಗೆ ಹೋಗಿ ಕೂತ್ಕತೀಯ ಅಂತ ನೋಡಬೇಕು.”

ಶಿವಮೊಗ್ಗದಲ್ಲಿ ಅವಳು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬಂದಳು. ವಿಮಾನ ಏರಿದಾಗ ನನ್ನ ಮುಂಗೈ ಹಿಡಿದವಳು ಹೈದರಾಬಾದಿನಲ್ಲೇ ಬಿಟ್ಟಿದ್ದು. ಮೋಡ ನೋಡಿದೆಯಾ ಎಂದರೆ, “ಕಣ್ಣು ಮುಚ್ಕಂಡಿದ್ದೆ,” ಎಂದಳು. ಮುಂದಿನ ವಿಮಾನಕ್ಕೆ ಬಹಳ ಹೊತ್ತಿತ್ತು. ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಕೂತು ರೊಟ್ಟಿ ತಿಂದೆವು. ಸುತ್ತ ನೋಡಿದಳು. ಒಬ್ಬ ಲ್ಯಾಪ್‌ಟಾಪಿನ ಮೇಲೆ ತೂಕಡಿಸುತ್ತಿದ್ದ, ಇನ್ನೊಬ್ಬ ಬೂಟು ಕಳಚಿ ಚೀಲಕ್ಕೆ ತಲೆಯೊರಗಿಸಿದ್ದ.

“ಇವರೆಲ್ಲ ಯಾರೋ?”

“ನನ್ನಂಥೋರು.”

“ಪ್ರತಿ ಸಲ ಹಿಂಗೇನಾ?”

“ಹಿಂಗೇ.”

ಅವಳು ಇನ್ನೊಂದು ರೊಟ್ಟಿ ನನ್ನ ಕೈಗಿಟ್ಟಳು.

ಗಿರಣಿಯಲ್ಲಿ ಮಾಲೀಕರು ಅವಳಿಗೆ ಕುರ್ಚಿ ಹಾಕಿಸಿದರು. ನಾನು ಯಂತ್ರ ಬಿಚ್ಚಿ, ತೌಡಿನ ಧೂಳಲ್ಲಿ ಅಂಗಾತ ಮಲಗಿ ಒಳಗೆ ಕೈ ಹಾಕಿದೆ. ಮಧ್ಯಾಹ್ನದವರೆಗೂ ಅವಳು ಕೂತೇ ಇದ್ದಳು. ನಾನು ಎದ್ದು ಬಂದಾಗ ನನ್ನ ತಲೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ಸೆರಗಿನಿಂದ ಮುಖ ಒರೆಸಿದಳು, ಚಿಕ್ಕವನಿದ್ದಾಗ ಒರೆಸಿದಷ್ಟೇ ಒರಟಾಗಿ.

“ಊರ ತುಂಬ ಹೇಳ್ಕಂಡಿದ್ದೆ ನಾನು,” ಎಂದಳು. “ನನ್ನ ತಮ್ಮ ಮಂತ್ರಿಗಳ ಥರ ಹಾರಾಡ್ತಾನೆ ಅಂತ.”

ವಾಪಸು ಬರುವಾಗ ನನ್ನ ಒಣ ಕಂಪನಿಯೂ ಕೈಕೊಟ್ಟಿತು. ಶಿವಮೊಗ್ಗದ ಕಡೆ ಮೋಡ ಕವಿದು, ಹೈದರಾಬಾದಿನಿಂದ ವಿಮಾನ ಬಿಡಲಿಲ್ಲ. ನಾನು ಕೌಂಟರಿಗೆ ಓಡಿ ಬೆಂಗಳೂರಿನ ವಿಮಾನಕ್ಕೆ ಬದಲಿಸಿಕೊಂಡು ಬಂದೆ, ಅಲ್ಲಿಂದ ಬಸ್ಸು. ಅಷ್ಟರಲ್ಲಿ ರೂಪಾ ಫೋನು ಮಾಡಿದ್ದಳು. ಬೀಗರು ಮನೆಗೆ ಬಂದಿದ್ದಾರೆ, ಅವ್ವ ಇನ್ನೂ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದಾರೆ. ಅಕ್ಕ ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳುತ್ತಿದ್ದಳು:

“ಮೋಡ ಐತೆ ಕಣವ್ವ, ವಿಮಾನ ಬಿಡವಲ್ರು. ಅದಕ್ಕೆ ನಿಮ್ಮ ಮಾವ ಏನು ಮಾಡಾಕಾಗತೈತೆ? ಬೀಗರಿಗೆ ಚಾ ಕೊಡು. ನಿಶ್ಚಿತಾರ್ಥದಾಗೂ ಹಿಂಗೇ ಆಗಿತ್ತಂತೆ, ಪಾಪ, ಅಂತ ಹೇಳು.”

ಆ ‘ಪಾಪ’ ಕೇಳಿ ನಾನು ವಿಮಾನಗಳ ವೇಳೆ ತೋರಿಸುವ ಬೋರ್ಡಿನ ಕಡೆ ತಿರುಗಿ ನಿಂತೆ. ಬೋರ್ಡಿನ ಅಕ್ಷರ ಮಾತ್ರ ಕಾಣುತ್ತಿರಲಿಲ್ಲ.

ಮದುವೆಗೆ ನಾನು ಕೆಲಸಕ್ಕೆ ರಜೆ ಹಾಕಿ ಮೊದಲೇ ಜಗಳೂರು ಸೇರಿದೆ, ಬಸ್ಸಿನಲ್ಲಿ. ಹಂದರದ ಕೆಳಗೆ ನಿಂತು ಬಾಳೆಕಂದು ಕಟ್ಟಿಸುತ್ತಿದ್ದಾಗ ಫೋನು ಗುಂಯ್ ಎಂದಿತು. ವಿಮಾನ ಕಂಪನಿಯ ಸಂದೇಶ: ನೀವು ಈಚೆಗೆ ನಮ್ಮೊಂದಿಗೆ ಪ್ರಯಾಣಿಸಿಲ್ಲ, ನಿಮ್ಮ ಸದಸ್ಯತ್ವದ ದರ್ಜೆಯನ್ನು ಕೆಳಗಿಳಿಸಬೇಕಾಗಬಹುದು. ಇನ್ನೊಮ್ಮೆ ಓದುವಷ್ಟರಲ್ಲಿ ಒಳಗಿನಿಂದ ಅಕ್ಕ ಕೂಗಿದಳು.

“ಲೇ ಸಿದ್ದೇಶ, ಎಲ್ಲಿ ಹೋದ್ಯೋ? ಬೀಗರು ಬಂದ್ರು, ಕಾಲಿಗೆ ನೀರು ಕೊಡಬೇಕು. ನಮ್ಮ ಕಡೆ ಹಿರಿಯ ನೀನೇ ಅಲ್ಲೇನೋ, ಬಾರೋ!”

ದರ್ಜೆ ಏರಿದ್ದು ತಿಳಿದು, ತಂಬಿಗೆ ಹಿಡಿದು ಹೋದೆ.