ತಾಟೆ ಬಂದಿದೆ

ನಮ್ಮ ಕರಾವಳಿಯಲ್ಲಿ ಬಾಣಂತಿಗೆ ಎದೆಹಾಲು ಸಾಲದಿದ್ದರೆ ತಾಟೆ ಮೀನು ತಿನ್ನಿಸುತ್ತಾರೆ. ತಾಟೆ ಎಂದರೆ ಶಾರ್ಕ್. ದೊಡ್ಡದಲ್ಲ, ಮೊಳದುದ್ದದ ಮರಿ. ಬೇಯಿಸಿ, ಚರ್ಮ ಸುಲಿದು, ಬೆಳ್ಳುಳ್ಳಿ ಕಾಳುಮೆಣಸು ಹಾಕಿ ಪಲ್ಯ ಮಾಡಿ ಕೊಡುವುದು. ಅದನ್ನು ತಿಂದ ಮೇಲೂ ಹಾಲು ಬಾರದಿದ್ದರೆ ತಪ್ಪು ಬಾಣಂತಿಯದೇ ಹೊರತು ಮೀನಿನದ್ದಲ್ಲ. ಇದು ಅಮ್ಮನ ಶಾಸ್ತ್ರ. ಐರ್ಲೆಂಡಿನ ಕಾರ್ಕ್ ನಗರದ ಉತ್ತರದ ದಿಬ್ಬದ ಮೇಲೆ, ಹಾಲಿಹಿಲ್‌ನ ಬಾಡಿಗೆ ಮನೆಯಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ನನಗೆ ಆ ಶಾಸ್ತ್ರ ಕೊರಳಿಗೆ ಸುತ್ತಿಕೊಂಡಿತ್ತು.

ಬಾಣಂತನಕ್ಕೆ ಅಮ್ಮ ಬರಬೇಕಿತ್ತು. ವೀಸಾ ಸಿಗಲಿಲ್ಲ. ಹಾಗಾಗಿ ಬಾಣಂತನವೆಲ್ಲ ವಿಡಿಯೋ ಕಾಲ್‌ನಲ್ಲೇ ನಡೆಯಿತು. ಕಿವಿಗೆ ಹತ್ತಿ ಇಡು, ತಣ್ಣೀರು ಮುಟ್ಟಬೇಡ, ಗಾಳಿಗೆ ಹೋಗಬೇಡ. ಮೆಂತ್ಯದ ಗಂಜಿ ಕುಡಿದೆ, ಬೆಳ್ಳುಳ್ಳಿ ತಿಂದೆ, ಸಬ್ಬಸಿಗೆ ತಿಂದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮಗಳು ಎದೆಗೆ ಬಾಯಿ ಹಚ್ಚಿ ಎಳೆದು, ಎಳೆದು, ಕೊನೆಗೆ ಮುಖ ತಿರುಗಿಸಿ ಕಿರುಚುತ್ತಿದ್ದಳು. ಕಿರುಚಿ ಸುಸ್ತಾಗಿ ನಿದ್ದೆ ಹೋದರೆ ನನಗೆ ಇನ್ನೂ ಹೆದರಿಕೆ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತಿದ್ದೆ.

ಮನೆಗೆ ಬರುವ ನರ್ಸ್ ಒಳ್ಳೆಯವಳು. ಮಗುವನ್ನು ತೂಗಿ, ನನ್ನ ಭುಜ ತಟ್ಟಿ, "ಯೂ ಆರ್ ಡೂಯಿಂಗ್ ಗ್ರ್ಯಾಂಡ್" ಅನ್ನುತ್ತಿದ್ದಳು. ಈ ದೇಶದಲ್ಲಿ ಮಳೆ ಬಂದರೂ ಗ್ರ್ಯಾಂಡ್, ಬಸ್ಸು ತಪ್ಪಿದರೂ ಗ್ರ್ಯಾಂಡ್. ಮಗಳ ತೂಕ ಹುಟ್ಟಿದಾಗಿನದಕ್ಕಿಂತ ಕಮ್ಮಿಯಾಗಿರುವಾಗ ನಾನು ಯಾವ ಸೀಮೆಯ ಗ್ರ್ಯಾಂಡ್? ಆ ಶುಕ್ರವಾರ ಮಾತ್ರ ಅವಳು ಆ ಮಾತು ಹೇಳಲಿಲ್ಲ. ಡಬ್ಬಿ ಹಾಲು ಶುರು ಮಾಡು, ಸೋಮವಾರಕ್ಕೂ ತೂಕ ಏರದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಳು.

ನನ್ನ ಗಂಡ ಅವತ್ತು ಸಂಜೆಯೇ ಕುಡಿಸಲು ಸಿದ್ಧವಿರುವ ಹಾಲಿನ ಪುಟ್ಟ ಬಾಟಲಿಗಳನ್ನು ತಂದ. ನಾನು ಅವನ್ನು ಕಪಾಟಿನ ಹಿಂಬದಿಗೆ ತಳ್ಳಿದೆ. "ನಮ್ಮ ಮನೆ ಹೆಂಗಸರಿಗೆ ಪಕ್ಕದ ಮನೆ ಮಗುವಿಗೂ ಕೊಡುವಷ್ಟು ಹಾಲಿತ್ತು" ಎಂದು ಅಮ್ಮ ದಿನಾ ಹೇಳುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ ಬಾಟಲಿ ಹಿಡಿಯುವುದೆಂದರೆ ನನಗೆ ಸೋಲು ಮಾತ್ರವಲ್ಲ, ನಾಚಿಕೆ. ಬಾಟಲಿ ತೆರೆದರೆ ನಾನು ತಾಯಿಯೇ ಅಲ್ಲ ಎಂದು ಯಾರೋ ಠಸ್ಸೆ ಒತ್ತುತ್ತಾರೆ ಎನ್ನುವಷ್ಟು ತಲೆ ಕೆಟ್ಟಿತ್ತು.

ಹಾಗಾಗಿ ಉಳಿದದ್ದು ತಾಟೆ ಒಂದೇ. ಗಂಡ ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದವನು. ಅಂಥವನು ನನಗಾಗಿ ಮೀನಿನಂಗಡಿಗಳನ್ನು ಸುತ್ತಿದ. ಉಸಿರು ಬಿಗಿಹಿಡಿದು ಫೋನಿನಲ್ಲಿ ಶಾರ್ಕಿನ ಚಿತ್ರ ತೋರಿಸಿ, ಇದರ ಮರಿ ಇದೆಯಾ ಎಂದು ಕೇಳುತ್ತಿದ್ದನಂತೆ. ಕೇರಳದವರ ಅಂಗಡಿಯಲ್ಲಿ ಬಂಗುಡೆ, ಬೂತಾಯಿ ಎಲ್ಲ ಫ್ರೋಜನ್ ಇತ್ತು. ತಾಟೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಸುದ್ದಿ ಕೊಟ್ಟರು. ಪಶ್ಚಿಮದ ಕಡಲಿಗೆ ಶಾರ್ಕ್‌ಗಳು ಬಂದಿವೆಯಂತೆ, ಪ್ರತಿ ವಸಂತದಲ್ಲೂ ಬರುತ್ತವಂತೆ, ದಡದ ಹತ್ತಿರವೇ ಇವೆಯಂತೆ. ನಮ್ಮ ಊರಿನಲ್ಲಿ "ಬಂಗುಡೆ ಬಂದಿದೆ" ಎಂದರೆ ಒಂದೇ ಅರ್ಥ: ಚೀಲ ಹಿಡಿದು ಓಡು. ನನಗೆ ಎರಡನೆಯ ಅರ್ಥ ಹೊಳೆಯಲೇ ಇಲ್ಲ. ಐಸ್ ಬಾಕ್ಸ್ ತಗೋ, ಹೊರಡು ಎಂದೆ.

"ಒಂದ್ಸಲ ನೆಟ್‌ನಲ್ಲಿ ನೋಡೋಣ ಕಣೆ," ಎಂದ.

"ಮೀನಿನ ವಿಷ್ಯ ನಂಗೆ ಹೇಳ್ಕೊಡ್ಬೇಡ ನೀನು," ಎಂದೆ. ಅವನು ಐಸ್ ಬಾಕ್ಸ್ ತರಲು ಒಳಗೆ ಹೋದ.

ಕಿವಿಗೆ ಹತ್ತಿ, ತಲೆಗೆ ಶಾಲು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಗಳು ನರಳುತ್ತಿದ್ದಳು. ನಾವು ತಲುಪಿದ್ದು ಬಂದರಿಗಲ್ಲ, ಕಡಲಿಗೆ ಚಾಚಿದ ಒಂದು ಹಸಿರು ಗುಡ್ಡಕ್ಕೆ. ಅಲ್ಲಿ ದೋಣಿಯಿಲ್ಲ, ಬುಟ್ಟಿಯಿಲ್ಲ, ಮೀನಿನ ವಾಸನೆಯೂ ಇಲ್ಲ. ದುರ್ಬೀನು ಹಿಡಿದ ನಾಲ್ಕಾರು ಜನ ಕೆಳಗಿನ ನೀರನ್ನೇ ನೋಡುತ್ತ ನಿಂತಿದ್ದರು. ಅವರಲ್ಲೊಬ್ಬ ವಯಸ್ಸಾದ ಮನುಷ್ಯನನ್ನು ಗಂಡ ಕೇಳಿದ: ಈ ಶಾರ್ಕ್ ಹಿಡಿದು ತರುವ ದೋಣಿಗಳು ಎಲ್ಲಿಗೆ ಬರುತ್ತವೆ?

ಆತ ಐಸ್ ಬಾಕ್ಸನ್ನು ನೋಡಿದ, ಶಾಲು ಸುತ್ತಿಕೊಂಡ ನನ್ನನ್ನು ನೋಡಿದ. ನಗಲಿಲ್ಲ. ಇದನ್ನು ಯಾರೂ ಹಿಡಿಯುವ ಹಾಗಿಲ್ಲ, ಕಾನೂನಿದೆ ಎಂದ. ಹಿಂದೆ ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರಂತೆ, ದೀಪ ಉರಿಸಲು. ಇದು ಬಸ್ಸಿನಷ್ಟು ಉದ್ದದ ಮೀನು, ಆದರೆ ಕಚ್ಚುವ ಜಾತಿಯದಲ್ಲ, ಬಾಯಿ ತೆರೆದುಕೊಂಡು ಈಜುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ನೀರಿನ ಜೊತೆ ಒಳಗೆ ಹೋದರೆ ಅದೇ ಊಟ ಎಂದ.

ಮಗಳು ಎದ್ದಳು. ಕಾರಿನೊಳಗೆ ಕೂತು ಎದೆಗೆ ಹಚ್ಚಿದೆ. ಒಂದು ಕಡೆ, ಇನ್ನೊಂದು ಕಡೆ. ಏನೂ ಇಲ್ಲ. ಆ ಹೊತ್ತಿಗೆ ಅವಳ ಅಳುವಿನಲ್ಲಿ ಜೋರೂ ಉಳಿದಿರಲಿಲ್ಲ, ಬೆಕ್ಕಿನ ಮರಿಯ ಹಾಗೆ ಸಣ್ಣ ಸದ್ದು. ಅವಳನ್ನು ಎತ್ತಿಕೊಂಡೇ ಗುಡ್ಡದ ಅಂಚಿನ ಬೇಲಿಯವರೆಗೆ ಓಡಿದೆ. ಯಾಕೆ ಓಡಿದೆನೋ ಗೊತ್ತಿಲ್ಲ. ಗಂಡ ಐಸ್ ಬಾಕ್ಸ್ ಸಮೇತ ಹಿಂದೆಯೇ ಬಂದು ನನ್ನ ತೋಳು ಹಿಡಿದುಕೊಂಡ.

ಕೆಳಗೆ ನೀರು ತಿಳಿಯಾಗಿತ್ತು. ಮೊದಲು ಕಂಡದ್ದು ಬೆನ್ನಿನ ಕಪ್ಪು ರೆಕ್ಕೆ, ಅದರ ಎಷ್ಟೋ ಹಿಂದೆ ಬಾಲದ ತುದಿ. ಆಮೇಲೆ ಅದು ನಮ್ಮ ಕಡೆ ತಿರುಗಿತು, ಬಾಯಿ ಕಂಡಿತು. ಒಳಗೆಲ್ಲ ಬಿಳಿ. ನನ್ನ ಮಗಳು ಎದೆ ಹುಡುಕುವಾಗ ತೆರೆಯುವ ಹಾಗೆಯೇ ಬಾಯಿ ತೆರೆದುಕೊಂಡು ಮೆಲ್ಲಗೆ ಬರುತ್ತಿತ್ತು. ಇಷ್ಟು ದೊಡ್ಡ ಜೀವಕ್ಕೆ ಬಾಯಿ ತೆರೆದಲ್ಲೆಲ್ಲ ಊಟ, ನನ್ನ ಅಂಗೈಯಗಲದ ಕೂಸಿಗೆ ಒಂದು ಗುಟುಕಿಲ್ಲ. ಹೊಟ್ಟೆಯೊಳಗಿಂದ ಅಳು ಕಿತ್ತುಕೊಂಡು ಬಂತು. ಆ ಜನರೆಲ್ಲ ದುರ್ಬೀನು ಇಳಿಸಿ, ಮರ್ಯಾದೆಗೆ ಬೇರೆ ಕಡೆ ನೋಡಿದರು.

ಅಷ್ಟರಲ್ಲೇ ಅಮ್ಮನ ವಿಡಿಯೋ ಕಾಲ್ ಬಂತು.

"ತಾಟೆ ಸಿಕ್ಕಿತಾ?" ಎಂದಳು.

ನಾನು ಫೋನನ್ನು ಕಡಲಿಗೆ ತಿರುಗಿಸಿದೆ. "ಅಗೋ ನಿನ್ನ ತಾಟೆ. ಹಿಡಿಯುವ ಹಾಗಿಲ್ಲ. ಮಗು ಸಾಯ್ತಾ ಉಂಟು ಅಮ್ಮ. ಇನ್ನೆಂತ ತಿನ್ನಲಿ ಹೇಳು ನೀನು."

ಕಾಲ್ ಕಟ್ಟಾಯಿತೆಂದು ಫೋನ್ ತಿರುಗಿಸಿಕೊಂಡರೆ ಅಮ್ಮನ ಮುಖ ಅಲ್ಲೇ ಇತ್ತು.

"ಡಬ್ಬಿ ಹಾಲು ಕೊಡು," ಎಂದಳು.

"ಎಂತ?"

"ನಿನಗೂ ಅದೇ ಕೊಟ್ಟದ್ದು. ನಿನ್ನ ಅಜ್ಜಿಗೆ ಕಾಣದ ಹಾಗೆ, ಬಚ್ಚಲಿನಲ್ಲಿ ಕೂತು."

"ತಾಟೆ ತಿನ್ಲಿಲ್ವಾ ನೀನು?"

"ಬುಟ್ಟಿಗಟ್ಟಲೆ ತಿಂದಿದ್ದೇನೆ ಮಗಾ. ಬರ್ಲಿಲ್ಲ."

ನನಗೆ ಎಂಥ ಸಿಟ್ಟು ಬಂತೆಂದರೆ, ಫೋನನ್ನು ಆ ತೆರೆದ ಬಾಯಿಗೇ ಎಸೆದುಬಿಡುತ್ತಿದ್ದೆ. ಹಾಲು ತುಂಬಿ ಹರಿದ ಆ ಹೆಂಗಸರೆಲ್ಲ ಯಾರು ಹಾಗಾದರೆ? ಅವರಲ್ಲಿ ಎಷ್ಟು ಜನ ಬಚ್ಚಲಿನಲ್ಲಿ ಕೂತಿದ್ದರು? ಬಯ್ಯಲು ಬಾಯಿ ತೆರೆದೆ. ಅಮ್ಮ ಅಳುತ್ತಿದ್ದಳು.

ಗಂಡ ಹುಲ್ಲಿನ ಮೇಲೆ ಕೂತು ಐಸ್ ಬಾಕ್ಸಿನ ಮುಚ್ಚಳ ತೆಗೆದ. ಒಳಗೆ ಐಸ್ ಇರಲಿಲ್ಲ. ನಾನು ಕಪಾಟಿನ ಹಿಂದೆ ತಳ್ಳಿದ್ದ ಹಾಲಿನ ಬಾಟಲಿಗಳು ಟವೆಲಿನಲ್ಲಿ ಸುತ್ತಿಕೊಂಡು ಮಲಗಿದ್ದವು. "ಬೇಡ ಅಂದ್ರೆ ವಾಪಸ್ ಇಡ್ತೀನಿ," ಎಂದ ಮೆಲ್ಲಗೆ.

ನಾನು ಕೈಚಾಚಿದೆ. ಮಗಳು ಮೊದಲ ಗುಟುಕಿಗೆ ಕಣ್ಣರಳಿಸಿದಳು, ಆಮೇಲೆ ಕುಡಿದಳು, ನಿಲ್ಲಿಸದೆ ಕುಡಿದಳು. ಅಮ್ಮ ಫೋನಿನಲ್ಲಿ ನೋಡುತ್ತಲೇ ಇದ್ದಳು. ಬಾಟಲಿಯನ್ನು ಇನ್ನೂ ಸ್ವಲ್ಪ ಎತ್ತಿ ಹಿಡಿ, ಇಲ್ಲದಿದ್ದರೆ ಹೊಟ್ಟೆಗೆ ಗಾಳಿ ಹೋಗುತ್ತದೆ ಎಂದಳು. ನಾನು ಎತ್ತಿ ಹಿಡಿದೆ.